ಮೂರ್ಛೆರೋಗ ಮತ್ತು ನಮ್ಮ ಮನೆಗಳು



ಮನುಷ್ಯನ ಸ್ವಂತ ಅಸ್ತಿತ್ವದಲ್ಲೇ ಅಲ್ಲಾಹನ ನಿದರ್ಶನಗಳಿವೆಯೆಂದು ಪವಿತ್ರ ಕುರ್‌ಆನ್ ನಮ್ಮನ್ನು ಚಿಂತನೆಗೆ ಕರೆಯುತ್ತದೆ. ತಲೆಬುರುಡೆಯೊಳಗಿನ ಸುಮಾರು 1,400 ಗ್ರಾಂ ತೂಕದ ಮೆದುಳನ್ನೇ ನೋಡಿರಿ. ಆಲೋಚನೆ, ಮಾತು, ನೆನಪುಗಳು ದೊಡ್ಡ ಮೆದುಳಿನ ಕೆಲಸ. ಹಿಂಬದಿಯ ಕಿರುಮೆದುಳು ನಡಿಗೆಯ ಸಮತೋಲನ ಕಾಯುತ್ತದೆ. ಮೆದುಳಿನ ಕಾಂಡವು ನಾವು ನಿದ್ರಿಸುವಾಗಲೂ ಉಸಿರಾಟ ನಡೆಸುತ್ತದೆ. ಸುಮಾರು 8,600 ಕೋಟಿ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಪರಸ್ಪರ ಮಾತನಾಡುತ್ತವೆ. ಆ ಸಂಕೇತಗಳು ಹಠಾತ್ತನೆ ಶಿಸ್ತು ತಪ್ಪಿದಾಗ ಮೂರ್ಛೆ ಬರುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಯಲ್ಲಾಗಲಿ, ಬೇರೆಲ್ಲೇ ಆಗಲಿ, ಮನೆಯ ಮಗಳಿಗೆ ಫಿಟ್ಸ್ ಬಂದರೆ ಎರಡು ಮಾತು ಕೇಳಿಬರುತ್ತವೆ: ಒಂದು, 'ಜಿನ್ನ್ ಹಿಡಿದಿದೆ', ಇನ್ನೊಂದು, 'ಯಾರಿಗೂ ಹೇಳಬೇಡಿ, ಮದುವೆ ನಿಂತೀತು'. ಮೊದಲನೆಯದು ಮಗಳನ್ನು ವೈದ್ಯರಿಂದ ದೂರವಿಡುತ್ತದೆ. ಎರಡನೆಯದು ಅವಳಿಗೆ ತಾನೇ ಅಪರಾಧಿಯೆಂಬ ಭಾವನೆ ತರುತ್ತದೆ.

ಮೂರ್ಛೆರೋಗವಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು ಪ್ರಾರ್ಥನೆ ಬೇಡಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಸಹನೆಗೆ ಸ್ವರ್ಗ, ಇಲ್ಲವೇ ಗುಣವಾಗಲು ದುಆ, ಈ ಎರಡರಲ್ಲಿ ಆಯ್ಕೆಯನ್ನು ಅವರು ಆ ಮಹಿಳೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿ, ಬಿದ್ದಾಗ ತನ್ನ ಮೈ ತೆರೆದುಕೊಳ್ಳದಂತೆ ಮಾತ್ರ ದುಆ ಕೋರಿದರು. ಅವರನ್ನು ಯಾರೂ ಹಳಿಯಲಿಲ್ಲ. ಇಬ್ನು ಅಬ್ಬಾಸ್(ರ)ರು ಆಕೆಯನ್ನು ಸ್ವರ್ಗದ ಮಹಿಳೆಯೆಂದು ತೋರಿಸಿದರು. ಆದರೆ ಗಮನಿಸಿರಿ: ಆ ಆಯ್ಕೆ ಆಕೆಯದಾಗಿತ್ತು. ಮಗಳ ಪರವಾಗಿ ಚಿಕಿತ್ಸೆಯನ್ನು ತೊರೆಯುವ ಹಕ್ಕು ನಮಗಿಲ್ಲ. ಔಷಧೋಪಚಾರ ಮಾಡಬೇಕೆಂದು ಆದೇಶಿಸಿದವರೂ ಅದೇ ಪ್ರವಾದಿವರ್ಯರು(ಸ).

ಮೆದುಳಿನ ವಿದ್ಯುತ್ ಅಲೆಗಳನ್ನು ಮನುಷ್ಯನಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಅದೇ ಇಇಜಿ. ನೆತ್ತಿಯ ಮೇಲೆ ಪುಟ್ಟ ತಂತಿಗಳನ್ನು ಅಂಟಿಸುತ್ತಾರೆ. ಅವು ಕರೆಂಟ್ ಕೊಡುವುದಿಲ್ಲ. ಒಳಗಿನ ಅಲೆಗಳನ್ನು ಓದುತ್ತವೆ, ಅಷ್ಟೇ. ಎಂಆರ್‌ಐ ಮೆದುಳಿನ ರಚನೆಯನ್ನು ತೋರಿಸಿದರೆ ಇಇಜಿ ಅದರ ಚಟುವಟಿಕೆಯನ್ನು ತೋರಿಸುತ್ತದೆ. ಇಇಜಿ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ವೈದ್ಯರಿಗೆ ಕಣ್ಣಾರೆ ಕಂಡವರ ವಿವರವೂ ಬೇಕು. ಆದ್ದರಿಂದ ಬಚ್ಚಿಡದೆ ಹೇಳಿರಿ.

ಸರಿಯಾದ ಚಿಕಿತ್ಸೆ ದೊರೆತರೆ 10ರಲ್ಲಿ 7 ಮಂದಿಯವರೆಗೆ ಮೂರ್ಛೆಯಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗಳನ್ನು ಕಲಬುರಗಿಯ ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ರಮಝಾನ್‌ಗೆ ಮೊದಲೇ ವೈದ್ಯರನ್ನು ವಿಚಾರಿಸಿರಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಮೂರ್ಛೆ ಬಂದಾಗ ಪಕ್ಕಕ್ಕೆ ಮಲಗಿಸಿರಿ, ಮೈಮೇಲೆ ಬಟ್ಟೆ ಹೊದಿಸಿರಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. 5 ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಸಾಗಿಸಿರಿ.

ಮದುವೆಯ ಮಾತುಕತೆಯಲ್ಲಿ ಸತ್ಯವನ್ನೇ ಹೇಳಿರಿ. ಮುಚ್ಚಿಟ್ಟು ಕಟ್ಟಿದ ಸಂಸಾರದಲ್ಲಿ ಮಗಳು ಮಾತ್ರೆಯನ್ನೂ ಕದ್ದು ನುಂಗಬೇಕಾದೀತು. ಗಂಡಿನ ಮನೆಯವರೇ, ಸತ್ಯ ಕೇಳಿದಾಗ ಮುಖ ತಿರುಗಿಸುವ ಮೊದಲು ಸ್ವರ್ಗದ ಆ ಮಹಿಳೆಯನ್ನು ನೆನೆಯಿರಿ.

ಅಲ್ಲಾಹನು ನಮ್ಮ ರೋಗಿಗಳಿಗೆ ಗುಣವನ್ನೂ ನಮಗೆ ಕರುಣೆಯನ್ನೂ ದಯಪಾಲಿಸಲಿ. ಆಮೀನ್.