ಕಾಲು ಸೋತವರ ಯಾತ್ರೆ

ಯಾತ್ರೆಗೆ ಹೊರಟ ಕುಟುಂಬದಲ್ಲಿ ಕಾಲಿನ ಬಲ ಕುಂದಿದವರಿದ್ದರೆ, ಉಳಿದವರು ಪ್ರೀತಿಯಿಂದಲೇ ಅವರ ಪರವಾಗಿ ನಿರ್ಣಯ ಮಾಡಿಬಿಡುವುದುಂಟು. ಅದು ಧರ್ಮವೇ ಎಂಬುದು ವಿಚಾರಾರ್ಹವಾದುದು.

ನುಗ್ಗೇಹಳ್ಳಿಯಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳದು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲವು ಊರೊಳಗೇ ಇದೆ. ಬೈಚೋಜ, ಮಲ್ಲಿತಮ್ಮರ ಶಿಲ್ಪಗಳನ್ನು ಕೋಲೂರಿಕೊಂಡು ನಿಧಾನವಾಗಿ ನೋಡಬಹುದು. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹಾಗಲ್ಲ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಏರಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವವರುಂಟು. “ಪರರ ಹೆಗಲೇರಿ ಪಡೆದ ದರ್ಶನದಲ್ಲಿ ಪುಣ್ಯವೆಲ್ಲಿ?” ಎನ್ನುವವರು ಒಂದು ಕಡೆ, “ಈ ಕಾಲಿನಲ್ಲಿ ನಿಮಗೇತಕ್ಕೆ, ಕೆಳಗೇ ಕುಳಿತಿರಿ” ಎನ್ನುವ ಮನೆಯವರು ಇನ್ನೊಂದು ಕಡೆ.

ಏರಿಹೋಗಿ ಕಾಣುವುದಾದರೂ ಯಾರನ್ನು? ನಡೆಯುವುದನ್ನೇ ಬಿಟ್ಟು, ಮೈಗೆ ಬಳ್ಳಿ ಹಬ್ಬುವವರೆಗೆ ನಿಂತ ಬಾಹುಬಲಿಯನ್ನು. ನಡೆಯಬಲ್ಲುದೇ ಹಿರಿಮೆಯಾಗಿದ್ದರೆ ಆ ಮೂರ್ತಿ ಪೂಜ್ಯವಾಗುತ್ತಿರಲಿಲ್ಲ. ಆದರೆ ಇದನ್ನೇ ಹೇಳಿ, ಕಾಲು ಸೋತವರಿಗೆ ಕೆಳಗೆ ಕುಳಿತಿರುವುದೇ ತಪಸ್ಸೆಂದು ಉಪದೇಶಿಸುವುದು ಅನ್ಯಾಯ. ಗೆದ್ದ ರಾಜ್ಯವನ್ನು ತೊರೆದು ಬಾಹುಬಲಿಯು ತಾನಾಗಿ ನಿಂತನು. ಇವರನ್ನು ದೇಹವು ನಿಲ್ಲಿಸಿದೆ. ತಾನಾಗಿ ಬಯಸಿದ ನಿಲುಗಡೆಗೆ ಮಾತ್ರ ತ್ಯಾಗವೆಂಬ ಹೆಸರು ಸಲ್ಲುವುದು.

ಆದುದರಿಂದ ಡೋಲಿಯೇರುವುದೋ, ಹತ್ತು ಮೆಟ್ಟಿಲಿಗೊಮ್ಮೆ ತಂಗುತ್ತ ಹತ್ತುವುದೋ, ಕೆಳಗೆ ಊರಿನಲ್ಲಿರುವ ಭಂಡಾರಬಸದಿಯಲ್ಲಿ ಕೈಮುಗಿದು ತೃಪ್ತರಾಗುವುದೋ, ಅವರೇ ಹೇಳಲಿ. ಹೊತ್ತವರಿಗೆ ತಕ್ಕ ಕೂಲಿಯೊಡನೆ ಮರ್ಯಾದೆಯ ಮಾತೂ ಸಲ್ಲಲಿ. ಜೊತೆಯವರ ಧರ್ಮವಿಷ್ಟೆ: ಮೊದಲು ಕೇಳುವುದು, ಬಂಡೆ ಸುಡತೊಡಗುವ ಮುನ್ನ ಹೊರಡುವುದು, ದಾರಿಯಲ್ಲಿ ಬೇಸರಿಸದೆ ಕಾಯುವುದು.