ಬೆಟ್ಟದ ಮಣ್ಣಿನ ಋಣ

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುನ್ನ ಭೂತಾಯಿಯ ಕ್ಷಮೆ ಕೇಳುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಹೊತ್ತವಳನ್ನು ತುಳಿಯದೆ ಬದುಕುವಂತಿಲ್ಲ; ತುಳಿಯುತ್ತಿದ್ದೇನೆ ಎಂಬ ಅರಿವಾದರೂ ಇರಲಿ ಎಂಬುದೇ ಅದರ ಒಳಾರ್ಥ. ಬರಿಗಾಲಿನ ತುಳಿತಕ್ಕೇ ಕ್ಷಮೆ ಬೇಕಾದರೆ, ಬೆಟ್ಟ ಹತ್ತುವ ಗಾಲಿಯ ತುಳಿತಕ್ಕೆ ಏನು ಬೇಕು?

ಕೊಲ್ಲೂರಿನಲ್ಲಿ ಶ್ರೀ ಮೂಕಾಂಬಿಕೆಯ ದರ್ಶನ ಮಾಡಿದವರಲ್ಲಿ ಅನೇಕರು ಕೊಡಚಾದ್ರಿಗೂ ಹೋಗುವುದುಂಟು. ಕುಟಜ ಹೂವಿನ ಗಿರಿಯಾದ್ದರಿಂದ ಇದು ಕುಟಜಾದ್ರಿ. ಎತ್ತರ 1,343 ಮೀಟರ್. ಮೂಲ ಮೂಕಾಂಬಿಕೆಯ ಗುಡಿಯ ತನಕ ಜೀಪು, ಅಲ್ಲಿಂದ ಮುಂದೆ ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಪ್ರತೀತಿಯಿರುವ ಸರ್ವಜ್ಞಪೀಠಕ್ಕೆ ಕಾಲ್ನಡಿಗೆ. ಜೀಪು ಏರುವುದು ಕಾಡಿನ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ. ಒಂದು ಕಡೆ ಹೊಂಡ, ಇನ್ನೊಂದು ಕಡೆ ಕೊರಕಲು, ನಡುವೆ ಎದ್ದು ನಿಂತ ಕಲ್ಲು. ಒಳಗೆ ಕೂತವರು ಕಂಬಿ ಹಿಡಿದುಕೊಂಡು, "ಎಂಥಾ ರಸ್ತೆ ಮಾರಾಯ್ರೇ!" ಅನ್ನುತ್ತಾರೆ. ಆ ಕೊರಕಲು ಹೇಗಾಯ್ತು ಎಂದು ಕೇಳುವವರು ಕಡಿಮೆ.

ಕಾಡಿನ ನೆಲ ಮಳೆಗೆ ಹೆದರುವುದಿಲ್ಲ. ಹನಿಯ ಪೆಟ್ಟನ್ನು ಮೊದಲು ಮರದ ಎಲೆ ತಡೆಯುತ್ತದೆ, ಆಮೇಲೆ ನೆಲದ ತರಗೆಲೆ. ಬೇರು, ಎರೆಹುಳುಗಳು ಮಾಡಿಟ್ಟ ಸಾವಿರ ಸಂದುಗಳಲ್ಲಿ ನೀರು ಮೆಲ್ಲಗೆ ಇಂಗುತ್ತದೆ. ಗಾಲಿ ಓಡಾಡಿದ ಕಡೆ ತರಗೆಲೆಯೂ ಇಲ್ಲ, ಬೇರೂ ಇಲ್ಲ. ಸಂದುಗಳು ಮುಚ್ಚಿ ನೆಲ ಗಟ್ಟಿಯಾಗಿರುತ್ತದೆ. ಇಂಗಲಾರದ ನೀರು ಗಾಲಿಯ ಜಾಡನ್ನೇ ಕಾಲುವೆ ಮಾಡಿಕೊಂಡು ಓಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೊದಲು ನುಣ್ಣನೆಯ ಮಣ್ಣು ಹೋಗುತ್ತದೆ, ಆಮೇಲೆ ಮರಳು, ಆಮೇಲೆ ಜಲ್ಲಿ. ಉಳಿದ ಕಲ್ಲಿನ ಮೇಲೆ ಜೀಪು ಹತ್ತದಿದ್ದಾಗ ಚಾಲಕ ಪಕ್ಕಕ್ಕೆ ತಿರುಗಿಸುತ್ತಾನೆ. ಅಲ್ಲೊಂದು ಹೊಸ ಜಾಡು ಬೀಳುತ್ತದೆ. ಹೀಗೆ ದಾರಿ ವರ್ಷ ವರ್ಷಕ್ಕೂ ಅಗಲವಾಗುತ್ತ, ಆಳವಾಗುತ್ತ ಹೋಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 4 ಮೀಟರ್ ಅಗಲದ ದಾರಿಯಲ್ಲಿ ಒಂದೇ ಕಿಲೋಮೀಟರನ್ನು ಹಿಡಿದರೂ, 100 ಮಿಲಿಮೀಟರ್ ಮಳೆಯಾದ ದಿನ ಅದರ ಮೇಲೆ ಬೀಳುವುದು 4 ಲಕ್ಷ ಲೀಟರ್. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಆ ಒಂದು ಕಿಲೋಮೀಟರಿನಲ್ಲಿ ಬರೀ 1 ಸೆಂಟಿಮೀಟರ್ ಮಣ್ಣು ಕೊಚ್ಚಿಹೋದರೆ 40 ಘನ ಮೀಟರ್ ಮಣ್ಣು ಹೋದಂತೆ. ಬಂಡೆ ಸವೆದು ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಬೆಟ್ಟದಿಂದ ಕದಲಿದ ಮಣ್ಣು ಕೆಳಗಿನ ಹಳ್ಳಕ್ಕೇ ಇಳಿಯಬೇಕು. ಅಲ್ಲಿ ನೀರು ಕೆಂಪಾಗುತ್ತದೆ, ಮೀನು ಮೊಟ್ಟೆಯಿಡುವ ಕಲ್ಲುಸಂದು ಮುಚ್ಚಿಹೋಗುತ್ತದೆ. ಭಕ್ತರು ಮಿಂದು ಪಾವನರಾಗುವ ಸೌಪರ್ಣಿಕೆಯೂ ಇದೇ ಕೊಡಚಾದ್ರಿಯ ಮಗಳು. ಗಿರಿ ಬೇರೆ, ತೀರ್ಥ ಬೇರೆ ಅಲ್ಲ.

ಇಲ್ಲಿಯೇ ಧರ್ಮದ ಪ್ರಶ್ನೆ ಏಳುವುದು. ಈ ಮಣ್ಣು ತೆಗೆದವರು ಯಾರು? ಯಾರನ್ನು ಕೇಳಿದರೂ, "ನಾನೊಬ್ಬ ಹೋಗಿದ್ದಕ್ಕೆ ಏನಾಗ್ತದೆ?" ಅನ್ನುತ್ತಾರೆ. ಆ ಮಾತು ಸುಳ್ಳೂ ಅಲ್ಲ. ಒಂದು ಜೀಪು ಒಂದು ಸಲ ಹತ್ತಿದರೆ ಕದಲುವುದು ಎಷ್ಟೋ ಬೊಗಸೆ ಮಣ್ಣು, ಅಷ್ಟೆ. ಆದರೆ ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಮಳೆಗೆ ಹೇಗೋ ಮನುಷ್ಯರಿಗೂ ಹಾಗೆಯೇ. ಒಂದು ವಿಚಿತ್ರವೂ ಉಂಟು: ಯಾತ್ರೆಯ ಪುಣ್ಯವನ್ನು ಎಣಿಸುವಾಗ ಯಾರೂ ಅದನ್ನು ಸಾವಿರ ಜನಕ್ಕೆ ಹಂಚುವುದಿಲ್ಲ. ಪುಣ್ಯ ಪೂರ್ತಿ ತನ್ನದು. ದಾರಿ ಸವೆದದ್ದು ಮಾತ್ರ ಎಲ್ಲರದು, ಅಂದರೆ ಯಾರದೂ ಅಲ್ಲ! ಒಂದೇ ಯಾತ್ರೆಗೆ ಎರಡು ತಕ್ಕಡಿ ಹಿಡಿಯುವುದು ನ್ಯಾಯವಲ್ಲ. ಪುಣ್ಯದಲ್ಲಿ ಇಡೀ ಪಾಲು ಬೇಕೆನ್ನುವವರು ಋಣದಲ್ಲಿ ತಮ್ಮ ಪಾಲನ್ನಾದರೂ ಒಪ್ಪಬೇಕು.

ಹಾಗಾದರೆ ಜೀಪನ್ನೇ ನಿಲ್ಲಿಸಬೇಕೆ? ಮಂಡಿನೋವಿನ ಅಜ್ಜಿಗೆ ಬೇರೆ ದಾರಿಯಿಲ್ಲ. ಜೀಪು ಓಡಿಸುವವರ ಮನೆಯ ಒಲೆ ಉರಿಯುವುದೂ ಇದರಿಂದಲೇ. "ಪೂರ್ತಿ ಕಾಂಕ್ರೀಟ್ ಹಾಕಿಬಿಟ್ರೆ ಆಯ್ತಲ್ಲ" ಎನ್ನುವವರಿದ್ದಾರೆ. ಕಾಂಕ್ರೀಟು ತನ್ನ ಕೆಳಗಿನ ಮಣ್ಣನ್ನು ಉಳಿಸೀತು. ಅದರ ಮೇಲೆ ಬಿದ್ದ ನೀರು ಮಾತ್ರ ಇನ್ನೂ ಜೋರಾಗಿ ಓಡಿ, ಅಂಚು ಮುಗಿದಲ್ಲಿ ಕಾಡನ್ನು ಕೊರೆಯುತ್ತದೆ. ನಡೆಯುವವರೂ ಪೂರ್ತಿ ನಿರ್ದೋಷಿಗಳಲ್ಲ: ತಿರುವು ಬಿಟ್ಟು ನೇರ ಇಳಿಯುವ ಒಳದಾರಿಗಳು ಮಳೆ ಬಂದಾಗ ಝರಿಗಳಾಗುತ್ತವೆ.

ಧರ್ಮ ಕೇಳುವುದು ನಿಷೇಧವನ್ನಲ್ಲ, ಮಿತಿಯನ್ನು. ಕಾಲಿನಲ್ಲಿ ಕಸುವಿದ್ದವರು ನಡೆಯಲಿ, ಇದ್ದ ಜಾಡಿನಲ್ಲೇ ನಡೆಯಲಿ. ಜೀಪು ಬೇಕಾದವರು ಎರಡರಲ್ಲಿ ಅರ್ಧರ್ಧ ಹೋಗುವ ಬದಲು ಒಂದರಲ್ಲಿ ಕೂಡಿ ಹೋಗಲಿ. ಮಳೆ ಸುರಿದು ನೆಲ ಹಸಿಯಾಗಿದ್ದಾಗ "ಹೇಗಾದ್ರೂ ಹತ್ತಿಸಿ" ಎಂದು ಚಾಲಕರನ್ನು ಒತ್ತಾಯಿಸದಿರಲಿ. ಹಸಿ ಮಣ್ಣಿನಲ್ಲಿ ಬಿದ್ದ ಜಾಡೇ ನಾಳಿನ ಕೊರಕಲು. ದಾರಿ ನೋಡಿಕೊಳ್ಳುವವರಿಗೂ ಕರ್ತವ್ಯವಿದೆ: ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡಗಟ್ಟೆ ಹಾಕಿ, ನೀರು ರಭಸ ಹಿಡಿಯುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಮರಗಳ ಕಡೆಗೆ ತಿರುಗಿಸುವುದು, ಮುಂಗಾರಿಗೆ ಮುಂಚೆ ಮೋರಿಯ ಬಾಯಿಯ ಕಸ ತೆಗೆಯುವುದು. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸುವ ಮಲೆನಾಡಿಗರಿಗೆ ಇದು ಹೊಸ ವಿದ್ಯೆಯಲ್ಲ.

ಸಂಜೀವಿನಿ ಪರ್ವತವನ್ನು ಆಂಜನೇಯ ಹೊತ್ತೊಯ್ಯುವಾಗ ಅದರ ಒಂದು ತುಣುಕು ಇಲ್ಲಿ ಬಿತ್ತು, ಅದಕ್ಕೇ ಈ ಗಿರಿಯಲ್ಲಿ ಅಷ್ಟು ಔಷಧಿ ಗಿಡಗಳು ಎಂದು ಸ್ಥಳದವರು ಹೇಳುತ್ತಾರೆ. ಅವನು ಬೆಟ್ಟ ಎತ್ತಿದ್ದು ಇನ್ನೊಬ್ಬರ ಪ್ರಾಣ ಉಳಿಸಲು. ತನ್ನ ಒಂದು ದಿನದ ದರ್ಶನಕ್ಕಾಗಿ ಅದೇ ಬೆಟ್ಟವನ್ನು ಬೊಗಸೆ ಬೊಗಸೆಯಾಗಿ ಕೆಳಗಿಳಿಸುವವನು ಯಾವ ಲೆಕ್ಕಕ್ಕೆ ಸೇರುತ್ತಾನೆ? ದೇವಿಯ ಪ್ರಸಾದವನ್ನು ನೆಲಕ್ಕೆ ಚೆಲ್ಲದಂತೆ ಹಿಡಿಯುವ ಕೈಗಳು ಆಕೆಯ ಗಿರಿಯ ಮಣ್ಣನ್ನೂ ಅಷ್ಟೇ ಜೋಪಾನ ಮಾಡಿದರೆ, ಮುಂದೆ ಹತ್ತಿ ಬರುವ ಮಕ್ಕಳಿಗೂ ದಾರಿ ಇದ್ದೀತು, ಮೀಯಲು ತಿಳಿನೀರು ಇದ್ದೀತು.