ಕೊರಿಂಥದ ಸಂತೆಯ ಮಾಂಸ



ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬೆಳೆಹಬ್ಬದ ಹರಾಜು ಇದೆ. ಕಾಲು ಕಟ್ಟಿ ಕೂರಿಸಿರುವ ಊರ ಕೋಳಿ ಆಗಲೇ ಎರಡು ಸಲ ಕೂಗಿ ನನ್ನ ಪ್ರಾರ್ಥನೆಗೆ ಅಡ್ಡ ಬಂತು. ಇರಲಿ, ಇವತ್ತು ಅದರ ಮಾತನ್ನೇ ಆಡೋಣ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಸಂತೆಯ ಮಾಂಸದ ವಿಷಯ ಬರುತ್ತದೆ. ಹೆಚ್ಚು ವಿಚಾರಣೆ ಮಾಡದೆ ಉಣ್ಣಬಹುದು ಎನ್ನುತ್ತಾನೆ. ನಮಗೆ ಅಷ್ಟೇ ಸಾಕು, ಭಾನುವಾರದ ಕೋರಿರೊಟ್ಟಿಗೆ ಅಪ್ಪಣೆ ಸಿಕ್ಕಿತು! ಆದರೆ ಪೌಲ ಅಲ್ಲಿಗೆ ಬಿಡುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಅದರಿಂದ ತೊಡಕಾದರೆ ಕೈ ಹಿಂದೆ ತೆಗೆ ಎಂದೂ ಹೇಳುತ್ತಾನೆ.

ನಮ್ಮ ಇಂದಿನ ಸಂತೆಯಲ್ಲಿ ಸಾವಯವ ಮಾಂಸ ಎಂದಕೂಡಲೇ ನಾವು ಕೇಳುವುದು, ನನ್ನ ಮೈಗೇನು ಲಾಭ? ಸ್ವಲ್ಪ ಇದೆ. ಹುಲ್ಲು ಮೇಯ್ದ ದನಕುರಿಯ ಮಾಂಸದಲ್ಲಿ ಒಮೆಗಾ-3 ಹೆಚ್ಚು. ಆದರೆ ಬೂತಾಯಿ, ಬಂಗುಡೆ ಮೀನು ತಿನ್ನುವ ಕರಾವಳಿಯವರು ಅದಕ್ಕಾಗಿ ದುಬಾರಿ ಮಾಂಸ ಹುಡುಕಬೇಕಿಲ್ಲ. ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬ ಸುದ್ದಿಯನ್ನೂ ಹಬ್ಬಿಸಬೇಡಿ. ಸುಮಾರು 40 ದಿನಕ್ಕೆ ಅದು ಎರಡು ಕಿಲೋ ತೂಗುವುದು ದಶಕಗಳ ತಳಿ ಆಯ್ಕೆಯಿಂದ, ಮೆಕ್ಕೆಜೋಳ–ಸೋಯಾ ಮೇವಿನಿಂದ. ಒಳ್ಳೆಯದರ ಪರವಾಗಿಯೂ ಸುಳ್ಳು ಹೇಳಬಾರದಲ್ಲವೇ?

ನನ್ನನ್ನು ಕಾಡುವುದು ಪಕ್ಕದವನ ವಿಷಯ. ಕಿಕ್ಕಿರಿದ ಶೆಡ್ಡುಗಳಲ್ಲಿ ರೋಗವಿಲ್ಲದ ಕೋಳಿಗೂ ಮೇವು, ನೀರಿನಲ್ಲಿ ಆಂಟಿಬಯೋಟಿಕ್ ಬೆರೆಸುವ ರೂಢಿ ಬೆಳೆಯಿತು. ಮದ್ದಿಗೆ ಬಗ್ಗದ ರೋಗಾಣುಗಳು ಉಳಿದು, ಕೋಳಿಗೊಬ್ಬರದ ಜೊತೆ ಗದ್ದೆಗೆ, ತೋಡಿಗೆ ಇಳಿಯುತ್ತವೆ. ಕೋಳಿಯನ್ನೇ ಮುಟ್ಟದ ಅಜ್ಜಿಯೊಬ್ಬರು ಆಸ್ಪತ್ರೆಯ ಹಾಸಿಗೆಯಲ್ಲಿ ಅದರ ಬೆಲೆ ತೆರಬೇಕಾಗಬಹುದು. ಬೇರೆ ಮದ್ದುಗಳು ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಕೂಡ ಕೋಳಿಮೇವಿಗೆ ಸೇರುತ್ತಿತ್ತು. ನಮ್ಮ ಸರ್ಕಾರ ಅದನ್ನು ನಿಷೇಧಿಸಿದ್ದು 2019ರಲ್ಲಿ. ಪ್ರಾಣಿಗಳನ್ನು ಬೇಗ ಬೆಳೆಸಲೆಂದು ಆಂಟಿಬಯೋಟಿಕ್ ಕೊಡುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ನಿಲ್ಲಿಸಿತ್ತು. ಸಾವಯವ ಸಾಕಣೆಯ ನಿಯಮದಲ್ಲಂತೂ ವಾಡಿಕೆಗೆಂದು ಮದ್ದು ಕೊಡುವಂತಿಲ್ಲ. ನನ್ನ ತಕ್ಕಡಿ ವಾಲುವುದು ಇಲ್ಲಿ.

ಹಾಗೆಂದು ಶೆಡ್ಡು ಕಟ್ಟಿದ ರೈತನನ್ನು ದೂರಬೇಡಿ. ಬಹಳ ಕಡೆ ಮರಿ, ಮೇವು, ಮದ್ದು ಎಲ್ಲ ಗುತ್ತಿಗೆ ಕೊಟ್ಟ ಕಂಪನಿಯದು. ಅವನ ಪಾಲಿಗೆ ಸಾಲ ಮತ್ತು ಕಿಲೋ ಲೆಕ್ಕದ ಕೂಲಿ.

ಪರಿಸರದ ಲೆಕ್ಕ ಅಷ್ಟು ಸಲೀಸಲ್ಲ. ರಾಸಾಯನಿಕವಿಲ್ಲದೆ ಬೆಳೆದ ಮೇವು ಮಣ್ಣಿಗೂ ಹೊಳೆಗೂ ಒಳ್ಳೆಯದೇ. ಆದರೆ ನಿಧಾನವಾಗಿ ಬೆಳೆಯುವ ಪ್ರಾಣಿ ಹೆಚ್ಚು ಮೇವು ತಿನ್ನುತ್ತದೆ, ಹೆಚ್ಚು ನೆಲ ಬೇಡುತ್ತದೆ. ಕಿಲೋಗೆ ಹೊಮ್ಮುವ ಹಸಿರುಮನೆ ಅನಿಲ ಬಹಳ ಸಲ ತಗ್ಗುವುದೇ ಇಲ್ಲ. ಹಾಗಾಗಿ ತಟ್ಟೆಗೆ ಯಾವ ಮಾಂಸ ಬಿತ್ತು ಎನ್ನುವಷ್ಟೇ, ವಾರಕ್ಕೆ ಎಷ್ಟು ಸಲ ಬಿತ್ತು ಎನ್ನುವುದನ್ನೂ ಎಣಿಸಬೇಕು.

ಹೊರಗಿರುವ ಕೋಳಿಗೆ ಸಾವಯವ ಪ್ರಮಾಣಪತ್ರವೇನೂ ಇಲ್ಲ. ತೋಟದ ಹುಳ, ಅಡುಗೆಮನೆಯ ಅನ್ನ ತಿಂದು ಆರು ತಿಂಗಳು ಓಡಾಡಿದೆ. ಹೋದ ವರ್ಷದ ಹರಾಜಿನಲ್ಲಿ ಇಂಥದ್ದೇ ಒಂದನ್ನು ಬೆಲೆ ಏರಿಸಿ ಏರಿಸಿ ನಾನೇ ಕೊಂಡೆ. ಮನೆಯಲ್ಲಿ ಬೈಗುಳವೂ ಸಿಕ್ಕಿತು. ಊಟಕ್ಕೆ ಎಂಟು ಜನ. ತೆಂಗಿನಕಾಯಿ ಇನ್ನೊಂದು ಹೋಳು ಹೆಚ್ಚು ತುರಿದು, ಸಾರು ಉದ್ದ ಮಾಡಿ, ತಲಾ ಎರಡೇ ತುಂಡು ಬಡಿಸಿದೆವು.